ಬಿಟ್ಟದ್ದು ಕೆಲಸವೋ, ಕಸುಬೋ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಜನ ಕೆಲಸ ಬಿಡುತ್ತಿದ್ದಾರೆ, ಎಷ್ಟು ಜನ ಬಿಡುತ್ತಾರೆ ಅಂತ ಲೆಕ್ಕ ಹಾಕುವುದು ಹೇಗೆ? ಸರ್ಕಾರದ ಸರ್ವೆ ಕೆಲಸದಲ್ಲಿ 29 ವರ್ಷ ಮನೆ ಮನೆ ತಿರುಗಿ, ಈಗ ಕುಮಟಾದಲ್ಲಿ ನಿವೃತ್ತಿಯಾಗಿ ಕೂತವಳು ನಾನು. ಇದು ನನ್ನ ಇಷ್ಟದ ವಿಷಯ. ಹಾಗಾಗಿ ಈ ಸಲದ ಪುಟವೆಲ್ಲ ಇದಕ್ಕೇ.

ಪ್ರಶ್ನೆ: ನಾನು ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ಆಫೀಸ್ ನೋಡಿಕೊಳ್ಳುತ್ತೇನೆ. 20 ನರ್ಸ್‌ಗಳ ಜಾಗ ಇದೆ. ಕಳೆದ ವರ್ಷ 9 ಜನ ಬಿಟ್ಟರು. ನಮ್ಮ ಡಾಕ್ಟರು "ನೂರಕ್ಕೆ 45 ಜನ ಓಡಿಹೋಗ್ತಾರೆ, ನರ್ಸ್ ಕೆಲಸವೇ ಯಾರಿಗೂ ಬೇಡವಾಗಿದೆ" ಅನ್ನುತ್ತಾರೆ. ಅದು ಸರಿಯಾ? ಬಿಟ್ಟವರ ಪಟ್ಟಿ ಜೊತೆಗಿದೆ.
— ಹೆಸರು ಬೇಡ, ಅಂಕೋಲಾ

ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದಿಲ್ಲದೆ ಹೋಗಿದ್ದರೆ ನಾನೂ 45 ಅಂತಲೇ ಹೇಳಬೇಕಿತ್ತು.

9ನ್ನು 20ರಿಂದ ಭಾಗಿಸಿದರೆ ನೂರಕ್ಕೆ 45, ಸರಿ. ಆದರೆ ಅದು ನಿಮ್ಮ ನರ್ಸಿಂಗ್ ಹೋಂ ಬಿಟ್ಟವರ ಲೆಕ್ಕ. ನರ್ಸ್ ಕಸುಬು ಬಿಟ್ಟವರ ಲೆಕ್ಕ ಬೇರೆ. ನಿಮ್ಮ ಪಟ್ಟಿಯಲ್ಲಿ ಮೂವರು ಗೋವಾದ ಆಸ್ಪತ್ರೆಗಳಿಗೆ ಹೋಗಿದ್ದಾರೆ. ಇಬ್ಬರು ಮಂಗಳೂರು ಕಡೆ. ಒಬ್ಬಳಿಗೆ ಸರ್ಕಾರಿ ನೌಕರಿ ಸಿಕ್ಕಿದೆ. ಈ ಆರೂ ಜನ ಇವತ್ತೂ ನರ್ಸ್‌ಗಳೇ, ಅಲ್ವಾ? ಒಬ್ಬರು ವಯಸ್ಸಾಗಿ ನಿವೃತ್ತಿಯಾದರು. ಒಬ್ಬರು ಗಂಡನ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾರೆ. ಒಬ್ಬಳು ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಬರುತ್ತೇನೆ ಅಂದಿದ್ದಾಳೆ. ಅಂದರೆ ಖಚಿತವಾಗಿ ಕಸುಬು ಬಿಟ್ಟವರು ಇಬ್ಬರು. 20ರಲ್ಲಿ 2, ನೂರಕ್ಕೆ 10. ಬಾಣಂತಿಯನ್ನು ಈಗಲೇ ಯಾವ ಕಡೆಗೂ ಸೇರಿಸಬೇಡಿ. ಮುಂದಿನ ವರ್ಷ ಇದೇ ತಿಂಗಳು ಎಲ್ಲಿದ್ದಾಳೆ ನೋಡಿ ಬರೆದುಕೊಳ್ಳಿ.

ಅಮೆರಿಕದಲ್ಲಿ ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಅಲ್ಲಿನ ಕಾರ್ಮಿಕ ಅಂಕಿಅಂಶ ಬ್ಯೂರೋ 2000ದ ಡಿಸೆಂಬರ್‌ನಿಂದ ಪ್ರತಿ ತಿಂಗಳು ಕಂಪನಿಗಳನ್ನು ಕೇಳುತ್ತದೆ: ಎಷ್ಟು ಜನ ತಾವಾಗಿ ಬಿಟ್ಟರು, ಎಷ್ಟು ಜನರನ್ನು ತೆಗೆದಿರಿ, ನಿವೃತ್ತಿ ಸಾವು ಇತ್ಯಾದಿ ಎಷ್ಟು? ಕೋವಿಡ್ ಆದಮೇಲೆ 2021ರ ಕೊನೆಯಲ್ಲಿ ತಿಂಗಳಿಗೆ 40 ಲಕ್ಷಕ್ಕೂ ಜಾಸ್ತಿ ಜನ ತಾವಾಗಿ ಕೆಲಸ ಬಿಟ್ಟರು ಅಂತ ಸುದ್ದಿಯಾಯಿತಲ್ಲ, ಅದು ಈ ಲೆಕ್ಕ. ಇದರಲ್ಲಿ ಯಾವ ಉದ್ಯಮ ಅಂತ ಇರುತ್ತದೆ, ಯಾವ ಕಸುಬು ಅಂತ ಇರುವುದಿಲ್ಲ. ಆಸ್ಪತ್ರೆ ಬಿಟ್ಟವರು ನರ್ಸೋ, ಅಡುಗೆಯವರೋ, ವಾಚ್‌ಮನ್ನೋ ಅದಕ್ಕೆ ಗೊತ್ತಾಗುವುದಿಲ್ಲ.

ಕಸುಬಿನ ಲೆಕ್ಕಕ್ಕೆ ಅದೇ ಬ್ಯೂರೋ ಮನೆಗಳ ಸರ್ವೆ ಬಳಸುತ್ತದೆ. ಅಲ್ಲಿ ಎರಡೇ ಬಾಗಿಲು. ದುಡಿಮೆಯನ್ನೇ ಬಿಟ್ಟು ಮನೆ ಸೇರಿದವರು ಒಂದು. ಬೇರೆ ಕಸುಬಿಗೆ ಹೋದವರು ಇನ್ನೊಂದು. ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಹೋದ ನರ್ಸ್ ಈ ಲೆಕ್ಕದಲ್ಲಿ ಬಿಟ್ಟವಳೇ ಅಲ್ಲ.

ಇನ್ನೊಂದನ್ನು ನಿಮ್ಮ ಡಾಕ್ಟರಿಗೆ ದಯವಿಟ್ಟು ತೋರಿಸಿ. 9 ಸಲ ಜಾಗ ಖಾಲಿಯಾಗಿದೆ, ಆದರೆ 9 ಬೇರೆ ಬೇರೆ ಜಾಗಗಳಲ್ಲ. ನಿಮ್ಮ ಪಟ್ಟಿ ಪ್ರಕಾರ ರಾತ್ರಿ ಪಾಳಿಯ ಮೂರು ಜಾಗಗಳು ವರ್ಷದಲ್ಲಿ ಎರಡೆರಡು ಸಲ ಖಾಲಿಯಾಗಿವೆ. ಅಲ್ಲಿಗೇ 6 ಆಯಿತು. ಉಳಿದ 17 ಜಾಗಗಳಲ್ಲಿ ಬಿಟ್ಟವರು ಮೂವರೇ. 14 ಜನ ವರ್ಷಪೂರ್ತಿ ಅಲ್ಲೇ ದುಡಿದಿದ್ದಾರೆ. ಹಾಗಿದ್ದಮೇಲೆ ತೊಂದರೆ ಇರುವುದು ನರ್ಸ್ ಕಸುಬಿನಲ್ಲಲ್ಲ, ನಿಮ್ಮ ರಾತ್ರಿ ಪಾಳಿಯಲ್ಲಿ. ಆ ಹುಡುಗಿಯರು ಬೆಳಗ್ಗೆ ಮನೆಗೆ ಹೇಗೆ ಹೋಗುತ್ತಾರೆ, ಬಸ್ಸಿಗೆ ಎಷ್ಟು ಹೊತ್ತು ನಿಲ್ಲುತ್ತಾರೆ, ಯಾರಾದರೂ ಕೇಳಿದ್ದೀರಾ? ಮೊದಲು ಅದನ್ನು ಕೇಳಿ.

ಪ್ರಶ್ನೆ: ನನ್ನದೊಂದು ಟ್ರಾಲರ್ ಬೋಟ್. ಜೂನ್ ಬಂತೆಂದರೆ ಹುಡುಗರೆಲ್ಲ ಊರಿಗೆ ಹೋಗುತ್ತಾರೆ, ಆಗಸ್ಟ್‌ನಲ್ಲಿ ಅರ್ಧ ಜನ ಬರುತ್ತಾರೆ. ನಮ್ಮ ಕಸುಬಿನಲ್ಲಿ ಇದನ್ನು ಹೇಗೆ ಎಣಿಸುವುದು?
— ಒಬ್ಬ ಬೋಟ್ ಮಾಲೀಕ, ಬೇಲೆಕೇರಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಎಣಿಸಲೇಬೇಡಿ. ಮೇ ತಿಂಗಳನ್ನು ಜೂನ್ ಜೊತೆ ಹೋಲಿಸಿದರೆ ಎಲ್ಲರೂ ಬಿಟ್ಟ ಹಾಗೆ ಕಾಣುತ್ತದೆ. ಜುಲೈಯನ್ನು ಆಗಸ್ಟ್ ಜೊತೆ ಹೋಲಿಸಿದರೆ ಎಲ್ಲರೂ ಹೊಸಬರ ಹಾಗೆ ಕಾಣುತ್ತದೆ. ಎರಡೂ ಸುಳ್ಳು.

ಸೆಪ್ಟೆಂಬರ್ 1ಕ್ಕೆ ಬೋಟಿನಲ್ಲಿ ಯಾರಿದ್ದರು, ಮುಂದಿನ ಸೆಪ್ಟೆಂಬರ್ 1ಕ್ಕೆ ಅವರಲ್ಲಿ ಯಾರಿದ್ದಾರೆ, ಇಷ್ಟೇ ಬರೆದಿಡಿ. ಆಗಸ್ಟ್ ಬೇಡ, ಮಳೆ ಗಾಳಿ ನೋಡಿಕೊಂಡು ತಡವಾಗಿ ಬರುವವರು ಇರುತ್ತಾರೆ. ಬಾರದವರ ಬಗ್ಗೆ ಬೋಟ್ ನಡೆಸುವ ತಾಂಡೇಲರನ್ನು ಕೇಳಿ. ಬೇರೆ ಬೋಟಿನಲ್ಲಿದ್ದಾರೆ ಅಂದರೆ ಅವರು ನಿಮ್ಮನ್ನು ಬಿಟ್ಟಿದ್ದಾರೆ, ಕಡಲನ್ನು ಬಿಟ್ಟಿಲ್ಲ. ಬಂದರಿನ ಹತ್ತು ಬೋಟಿನವರು ಸೇರಿ ಒಂದೇ ಪಟ್ಟಿ ಮಾಡಿದರೆ ಇದು ಅರ್ಧ ದಿನದ ಕೆಲಸ.

ಪ್ರಶ್ನೆ: ನಮ್ಮ ಊರಲ್ಲಿ ಹತ್ತು ವರ್ಷದ ಹಿಂದೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ 10 ಜನ ಕೊನೆಗೌಡರಿದ್ದರು. ಈಗ 6 ಜನ. ಹತ್ತು ವರ್ಷಕ್ಕೆ 4 ಜನ ಕಡಿಮೆ. ಮುಂದಿನ ಹತ್ತು ವರ್ಷಕ್ಕೆ 4 ಹುಡುಗರಿಗೆ ಮರ ಹತ್ತುವ ತರಬೇತಿ ಕೊಡಿಸಿದರೆ ಸಾಕು ಅಂತ ನಮ್ಮ ಸಂಘದಲ್ಲಿ ಮಾತಾಗಿದೆ. ನನಗೆ ಯಾಕೋ ಸಮಾಧಾನ ಇಲ್ಲ.
— ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲೂಕು

ನಿಮ್ಮ ಅನುಮಾನ ಸರಿಯಾಗಿದೆ ಮಾವ. 4 ಸಾಲುವುದಿಲ್ಲ.

ಕುಮಟಾದಿಂದ ಶಿರಸಿಗೆ ಬರುವ ಬಸ್ಸನ್ನು ನೆನಪಿಸಿಕೊಳ್ಳಿ. ಕುಮಟಾ ಬಿಡುವಾಗ 50 ಜನ, ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಾಗ 46 ಜನ. ದಾರಿಯಲ್ಲಿ ಇಳಿದದ್ದು ನಾಲ್ಕೇ ಜನ ಅಂತ ಯಾರಾದರೂ ಹೇಳುತ್ತಾರಾ? ಕತಗಾಲದಲ್ಲಿ ಎಷ್ಟು ಜನ ಇಳಿದರು, ಬಂಡಲದಲ್ಲಿ ಎಷ್ಟು ಜನ ಹತ್ತಿದರು ಅನ್ನುವುದು ಕಂಡಕ್ಟರನ ಟಿಕೆಟ್ ಲೆಕ್ಕದಲ್ಲಿ ಇರುತ್ತದೆ. ಮೊದಲ ಸ್ಟಾಪು, ಕೊನೆಯ ಸ್ಟಾಪು ಮಾತ್ರ ನೋಡಿದರೆ ಅದು ಕಾಣುವುದಿಲ್ಲ.

ಅಮೆರಿಕದ ಬ್ಯೂರೋ ಕೂಡ ಬಹಳ ವರ್ಷ ನಿಮ್ಮ ಸಂಘದ ಹಾಗೆಯೇ ಎಣಿಸುತ್ತಿತ್ತು. ಒಂದು ಕಸುಬಿನಲ್ಲಿ ಈಗ ಒಂದು ವಯಸ್ಸಿನವರು ಎಷ್ಟು, ಐದು ವರ್ಷ ಆದಮೇಲೆ ಐದು ವರ್ಷ ಹೆಚ್ಚು ವಯಸ್ಸಾದವರು ಎಷ್ಟು? ಕಡಿಮೆಯಾದರೆ ಅಷ್ಟು ಜನ ಬಿಟ್ಟರು ಅಂತ. ಚಿಕ್ಕ ವಯಸ್ಸಿನಲ್ಲಿ ಸೇರಿ ಮುಪ್ಪಿನವರೆಗೂ ಅದನ್ನೇ ಮಾಡುವ ಕಸುಬಿಗೆ ಈ ಲೆಕ್ಕ ನಡೆಯುತ್ತದೆ. ನಡುವಯಸ್ಸಿನಲ್ಲಿ ಬಂದು ಹೋಗುವವರಿರುವ ಕಡೆ ನಡೆಯುವುದಿಲ್ಲ. 35 ವರ್ಷದವನು ಬಿಟ್ಟು ಇನ್ನೊಬ್ಬ 35 ವರ್ಷದವನು ಬಂದರೆ ಏನೂ ಆಗಲೇ ಇಲ್ಲ ಅನ್ನುತ್ತದೆ ಆ ಲೆಕ್ಕ. ಕೊನೆಗೆ 2017ರಲ್ಲಿ ಅವರು ಆ ಪದ್ಧತಿ ಬಿಟ್ಟು, ಇಳಿದವರನ್ನೇ ನೇರವಾಗಿ ಅಂದಾಜು ಮಾಡುವ ಪದ್ಧತಿಗೆ ಬಂದರು.

ಈಗ ನಿಮ್ಮ ಊರಿಗೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಂಡು ಹಿರಿಯ ಕೊನೆಗೌಡರ ಜಗಲಿಯಲ್ಲಿ ಕೂತುಕೊಳ್ಳಿ. ಹತ್ತು ವರ್ಷದಲ್ಲಿ ಈ ಊರಲ್ಲಿ ಕೊನೆ ಕೊಯ್ದ, ಮದ್ದು ಹೊಡೆದ ಒಬ್ಬೊಬ್ಬರ ಹೆಸರು ಬರೆಯಿರಿ. ಯಾವ ವರ್ಷ ಶುರು ಮಾಡಿದರು, ಯಾವ ವರ್ಷ ಬಿಟ್ಟರು, ಬಿಡುವಾಗ ವಯಸ್ಸೆಷ್ಟು, ಈಗ ಏನು ಮಾಡುತ್ತಾರೆ. ಬಿಟ್ಟುಹೋದವರ ಮನೆಗೂ ಹೋಗಿ.

ಲೆಕ್ಕ ತೋರಿಸಲು ಸುಮ್ನೆ ಕೆಲವು ಅಂಕಿ ಇಟ್ಟುಕೊಳ್ಳುತ್ತೇನೆ. ಈಗಿರುವ 6 ಜನರಲ್ಲಿ ಮೂವರು ನಡುವೆ ಹೊಸದಾಗಿ ಬಂದವರು ಅಂತಾದರೆ, ಬಿಟ್ಟವರು 4 ಅಲ್ಲ, 7. ಹತ್ತು ವರ್ಷದಲ್ಲಿ ಎಲ್ಲರೂ ದುಡಿದ ವರ್ಷಗಳನ್ನು ಕೂಡಿಸಿ. 80 ಬಂತು ಅನ್ನೋಣ. 7ನ್ನು 80ರಿಂದ ಭಾಗಿಸಿದರೆ ವರ್ಷಕ್ಕೆ ನೂರಕ್ಕೆ ಸುಮಾರು 9. 6 ಜನರಿರುವ ಕಡೆ ಎರಡು ವರ್ಷಕ್ಕೊಬ್ಬ ಬಿಡುತ್ತಾನೆ. 6 ಜನರನ್ನು ಹಾಗೇ ಉಳಿಸಿಕೊಳ್ಳಬೇಕೆಂದರೂ ಹತ್ತು ವರ್ಷಕ್ಕೆ 5 ಹೊಸಬರು ಬೇಕು. ಮೊದಲಿನ ಹಾಗೆ 10 ಜನ ಆಗಬೇಕೆಂದರೆ ಹೆಚ್ಚುವರಿ 4, ಜೊತೆಗೆ ನಡುವೆ ಬಿಟ್ಟುಹೋಗುವ 7, ಒಟ್ಟು 11. ನಿಮ್ಮ ಸಂಘ ಹೇಳುತ್ತಿರುವುದು 4.

ಆದರೆ ಈ 9 ಎಲ್ಲರಿಗೂ ಒಂದೇ ಅಲ್ಲ. 30 ವರ್ಷದವನೂ 58 ವರ್ಷದವನೂ ಒಂದೇ ವೇಗದಲ್ಲಿ ಬಿಡುವುದಿಲ್ಲ. ನಿಮ್ಮ 6 ಜನರಲ್ಲಿ ನಾಲ್ವರು 55 ದಾಟಿದ್ದರೆ 9 ಅನ್ನುವುದು ಬಹಳ ಕಡಿಮೆ. ಅದಕ್ಕೇ ವಯಸ್ಸು ಬರೆಯಿರಿ ಅಂದದ್ದು. ಒಂದು ಊರಿನ ಹತ್ತು ಹದಿಮೂರು ಜನರಲ್ಲಿ ವಯಸ್ಸಿನ ಪ್ರಕಾರ ಹಂಚಿದರೆ ಒಂದೊಂದು ಗುಂಪಿನಲ್ಲಿ ಇಬ್ಬರೋ ಮೂವರೋ ಉಳಿಯುತ್ತಾರೆ. ಅಷ್ಟರಿಂದ ಏನೂ ಹೇಳಲಾಗುವುದಿಲ್ಲ. ಸುತ್ತಲಿನ ಎಂಟು ಹತ್ತು ಊರಿನ ನೋಟ್‌ಬುಕ್ ಒಟ್ಟು ಮಾಡಿ. ದೊಡ್ಡ ಸರ್ವೆಯವರೂ ಹೀಗೆಯೇ ಮಾಡುತ್ತಾರೆ. ಕೆಲವು ವರ್ಷಗಳ ಮಾಹಿತಿ ಸೇರಿಸಿ, ವಯಸ್ಸು, ಓದು, ಹೆಣ್ಣೋ ಗಂಡೋ ಇವುಗಳಿಗೂ ಬಿಡುವುದಕ್ಕೂ ಏನು ಸಂಬಂಧ ಅಂತ ಎಲ್ಲರಿಂದ ಕಲಿತು, ಆಮೇಲೆ ಸಣ್ಣ ಕಸುಬಿಗೆ ಅದನ್ನು ಹೊಂದಿಸುತ್ತಾರೆ.

ಇನ್ನು ದೋಟಿ, ಅಂದರೆ ಕೊನೆ ಕೊಯ್ಯುವ ಉದ್ದನೆಯ ಕೋಲು. ಈಗ ಕಾರ್ಬನ್ ಫೈಬರ್ ದೋಟಿ ಬಂದಮೇಲೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುತ್ತಾರೆ, ಮದ್ದನ್ನೂ ಹೊಡೆಯುತ್ತಾರೆ. ಮರ ಹತ್ತುವುದು ಬಿಟ್ಟು ದೋಟಿ ಹಿಡಿದವನು ಕಸುಬು ಬಿಟ್ಟನಾ? ನನ್ನ ಲೆಕ್ಕದಲ್ಲಿ ಇಲ್ಲ. ತೋಟಕ್ಕೆ ಬೇಕಾದ ಕೆಲಸ ಅದೇ, ಹಿಡಿದ ಸಾಧನ ಬೇರೆ. ಆದರೆ ಅವನಿಗೆ ಇನ್ನೂ ನಾಲ್ಕಾರು ವರ್ಷ ದುಡಿಯಲು ಸಾಧ್ಯ. ಹಾಗಾಗಿ ಹಿಂದಿನ ಹತ್ತು ವರ್ಷದ ವೇಗವನ್ನು ಮುಂದಿನ ಹತ್ತು ವರ್ಷಕ್ಕೆ ಕಣ್ಣು ಮುಚ್ಚಿ ಹಚ್ಚಬೇಡಿ. ದೋಟಿಗೆ ಬಂದವರನ್ನು ನೋಟ್‌ಬುಕ್ಕಿನಲ್ಲಿ ಬೇರೆ ಗುರುತು ಹಾಕಿ. ಮಳೆ ನಡುವೆ ಎರಡನೇ ಸಲದ ಮದ್ದು ತಪ್ಪಿ ಅಡಿಕೆಗೆ ಕೊಳೆರೋಗ ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಬ್ಬ ಕೊನೆಗೌಡ ಕಡಿಮೆ ಅಂದರೆ ಎಷ್ಟು ತೋಟಕ್ಕೆ ಮದ್ದು ತಡ ಅನ್ನುವುದನ್ನೂ ಬರೆದು ಸಂಘದ ಮುಂದಿಡಿ.

ಪ್ರಶ್ನೆ: ನಮ್ಮ ದೇಶದಲ್ಲಿ ಈ ಲೆಕ್ಕ ಸಿಗುವುದಿಲ್ಲವೇ? ಪಿಎಫ್ ಕಚೇರಿ ಪ್ರತಿ ತಿಂಗಳು ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು ಅಂತ ಹೇಳುತ್ತದಲ್ಲ?
— ಒಬ್ಬ ಅರ್ಥಶಾಸ್ತ್ರ ಉಪನ್ಯಾಸಕಿ, ಕಾರವಾರ

ಹೌದು, 2018ರ ಏಪ್ರಿಲ್‌ನಿಂದ ಹೇಳುತ್ತಿದೆ. 2017ರ ಸೆಪ್ಟೆಂಬರ್‌ನಿಂದ ಮುಂದಿನ ಅಂಕಿಗಳು ಸಿಗುತ್ತವೆ. ಹೊಸದಾಗಿ ಸೇರಿದವರು, ಹೊರಹೋದವರು, ಹೋಗಿ ಮತ್ತೆ ಬಂದವರು, ಮೂರೂ ಇರುತ್ತವೆ. ವಯಸ್ಸಿನ ಪ್ರಕಾರವೂ ಉದ್ಯಮದ ಪ್ರಕಾರವೂ ಇರುತ್ತವೆ. ನಿಮ್ಮ ಮಕ್ಕಳಿಗೆ ಪಾಠ ಮಾಡಲು ಒಳ್ಳೆಯ ಸಾಮಗ್ರಿ. ಆದರೆ ಅದರಲ್ಲಿ ಕಸುಬು ಇಲ್ಲ. ಪಿಎಫ್ ಕಾನೂನು ಮುಖ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆಗೆ. ಮೇಲಿನ ಬೋಟು, ಕೊನೆಗೌಡರು ಅದರೊಳಗೆ ಬರುವುದೇ ಇಲ್ಲ. ಇನ್ನೊಂದು, ಹೊರಹೋದವನು ಬೇರೆ ಕಡೆ ಸೇರಿ ಹಳೇ ಖಾತೆಯನ್ನೇ ಮುಂದುವರಿಸಿದರೆ "ಮತ್ತೆ ಬಂದವನು" ಆಗುತ್ತಾನೆ. ಖಾತೆಯ ಕಥೆ ಗೊತ್ತಾಗುತ್ತದೆ, ಮನುಷ್ಯನ ಕಥೆ ಪೂರ್ತಿ ಗೊತ್ತಾಗುವುದಿಲ್ಲ.

ಕಸುಬು ಇರುವುದು ಕೇಂದ್ರ ಸರ್ಕಾರ ಮನೆ ಮನೆಗೆ ಹೋಗಿ ದುಡಿಮೆಯ ಬಗ್ಗೆ ಕೇಳುವ ಪಿಎಲ್‌ಎಫ್‌ಎಸ್ ಸರ್ವೆಯಲ್ಲಿ. 2017ರ ಏಪ್ರಿಲ್‌ನಲ್ಲಿ ಶುರುವಾಯಿತು. ನಗರದ ಮನೆಗಳಿಗೆ ಮೂರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ಹೋಗುತ್ತಿದ್ದೆವು. ಹಳ್ಳಿ ಮನೆಗೆ ಒಂದೇ ಸಲ. 2025ರ ಜನವರಿಯಿಂದ ಪದ್ಧತಿ ಬದಲಾಗಿದೆ. ಹಳ್ಳಿಯಿರಲಿ ನಗರವಿರಲಿ, ಒಂದು ಮನೆಗೆ ಸತತ ನಾಲ್ಕು ತಿಂಗಳು ಹೋಗುತ್ತಾರೆ. ಮನೆಗಳ ಸಂಖ್ಯೆಯೂ ವರ್ಷಕ್ಕೆ 2,72,304ಕ್ಕೆ ಏರಿದೆ. ಹಳ್ಳಿಯವರನ್ನು ಎರಡನೇ ಸಲ ಕೇಳುವುದು ಶುರುವಾದದ್ದು ನನಗೆ ಬಹಳ ಸಂತೋಷ ತಂದಿತು. ಒಂದೇ ಸಲ ಕೇಳಿದರೆ ಯಾರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಯಾರು ಏನನ್ನು ಬಿಟ್ಟರು ಅಂತ ತಿಳಿಯಲು ಎರಡು ಸಲ ಕೇಳಬೇಕು. ನನ್ನ ಬೇಸರ ಒಂದೇ. ನಾಲ್ಕು ತಿಂಗಳಲ್ಲಿ ಕಸುಬು ಬದಲಿಸುವವರು ಕಡಿಮೆ. ಅಮೆರಿಕದ ಮನೆ ಸರ್ವೆಯಲ್ಲಿ ತಿಂಗಳಿಗೆ ಸುಮಾರು 60,000 ಮನೆ. ಒಂದು ಮನೆಯನ್ನು ನಾಲ್ಕು ತಿಂಗಳು ಕೇಳಿ, ಎಂಟು ತಿಂಗಳು ಬಿಟ್ಟು, ಮತ್ತೆ ನಾಲ್ಕು ತಿಂಗಳು ಕೇಳುತ್ತಾರೆ. ಹಾಗಾಗಿ ಒಬ್ಬರನ್ನೇ ಒಂದು ವರ್ಷದ ಅಂತರದಲ್ಲಿ, ಅದೇ ತಿಂಗಳಲ್ಲಿ ನೋಡಬಹುದು. ನಮ್ಮಲ್ಲೂ ಅಂಥದ್ದೊಂದು ಬರಬೇಕು.

ಎರಡು ಸಲ ಕೇಳುವುದರಲ್ಲೂ ಒಂದು ಅಪಾಯ ಇದೆ. ಕಾರವಾರದ ಕೋಡಿಬಾಗದಲ್ಲಿ ಒಂದು ಮನೆ. ಮೊದಲ ಸಲ ಹೋದಾಗ ಗಂಡ ಸಿಕ್ಕಿದ. "ವೈರಿಂಗ್ ಕೆಲಸ" ಅಂದ. ಎಲೆಕ್ಟ್ರಿಷಿಯನ್ ಸಂಕೇತ ಬರೆದೆ. ಮೂರು ತಿಂಗಳ ಮೇಲೆ ಹೆಂಡತಿ ಸಿಕ್ಕಿದಳು. "ಕಂಟ್ರಾಕ್ಟರ್ ಹತ್ತಿರ ಕಟ್ಟಡದ ಕೆಲಸಕ್ಕೆ ಹೋಗ್ತಾರೆ" ಅಂದಳು. ಕಟ್ಟಡ ಕೂಲಿಯ ಸಂಕೇತ ಬರೆದೆ. ಹೊರಗೆ ಬಂದು ಚಪ್ಪಲಿ ಹಾಕುವಾಗ ಗೋಡೆಗೆ ಒರಗಿಸಿದ್ದ ಅದೇ ಏಣಿ, ಅದೇ ವೈರಿನ ಸುರುಳಿ ಕಂಡಿತು. ಅವನು ಏನನ್ನೂ ಬಿಟ್ಟಿರಲಿಲ್ಲ. ಒಳಗೆ ಹೋಗಿ ಮತ್ತೆ ಕೇಳಿ ತಿದ್ದಿದೆ. ಏಣಿ ಕಾಣದ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು ಅಂತ ಆಮೇಲೆ ಎಷ್ಟೋ ದಿನ ಯೋಚಿಸಿದೆ. ಇಂಥ ಸುಳ್ಳು ಬದಲಾವಣೆಗಳೇ ಸೇರಿ ನಿಜವಾದ ಬದಲಾವಣೆಯನ್ನು ಮುಚ್ಚಿಬಿಡಬಹುದು. ಅಮೆರಿಕದವರು 1994ರಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. ಪ್ರತಿ ಸಲ ಹೊಸದಾಗಿ "ಏನು ಕೆಲಸ?" ಅನ್ನುವ ಬದಲು, "ಹೋದ ತಿಂಗಳು ಹೀಗೆ ಹೇಳಿದ್ದಿರಿ, ಈಗಲೂ ಅದೇನಾ?" ಅಂತ ಕೇಳಲು ಶುರು ಮಾಡಿದರು. ಅದಾದಮೇಲೆ ತಿಂಗಳಿಂದ ತಿಂಗಳಿಗೆ ಕಸುಬು ಬದಲಿಸಿದವರ ಸಂಖ್ಯೆ ದಿಢೀರನೆ ಇಳಿಯಿತು.

ಪ್ರಶ್ನೆ: ಮಗಳು ಐಟಿಐ ಸೇರಬೇಕೆಂದಿದ್ದಾಳೆ. ಮುಂದೆ ಜಾಸ್ತಿ ಬೆಳೆಯುವ ಕಸುಬು ಯಾವುದು ಹೇಳಿ.
— ಒಬ್ಬ ತಾಯಿ, ಸದಾಶಿವಗಡ

ಬೆಳೆಯುವ ಕಸುಬು ಅಂತ ಮಾತ್ರ ಹುಡುಕಬೇಡಿ ತಂಗಿ. ಅಮೆರಿಕದಲ್ಲಿ ಅಂಗಡಿಯ ಕ್ಯಾಷಿಯರ್ ಕೆಲಸ ಹತ್ತು ವರ್ಷದಲ್ಲಿ ಕಡಿಮೆಯಾಗುತ್ತದೆ ಅನ್ನುವುದು ಬ್ಯೂರೋದ ಅಂದಾಜು. ಆದರೂ ವರ್ಷಕ್ಕೆ 5 ಲಕ್ಷಕ್ಕೂ ಜಾಸ್ತಿ ಜಾಗ ಖಾಲಿ ಆಗುತ್ತದೆ ಅಂತ ಅದೇ ಬ್ಯೂರೋ ಹೇಳುತ್ತದೆ. ಎಲ್ಲವೂ ಬಿಟ್ಟುಹೋಗುವವರಿಂದ. ಹೆಚ್ಚಿನ ಕಸುಬುಗಳಲ್ಲಿ ಹೊಸ ಜಾಗ ಹುಟ್ಟುವುದಕ್ಕಿಂತ ಹಳೇ ಜಾಗ ಖಾಲಿಯಾಗುವುದೇ ಜಾಸ್ತಿ.

ಹಾಗಂತ ಖಾಲಿ ಜಾಗ ಜಾಸ್ತಿ ಇದ್ದ ಕಡೆಗೇ ಓಡಬೇಡಿ. ಯಾಕೆ ಖಾಲಿಯಾಗುತ್ತದೆ ನೋಡಿ. ಸಂಬಳ ಸಾಲದೆ ಎಲ್ಲರೂ ಬೇರೆ ಕಸುಬಿಗೆ ಹೋಗುವ ಜಾಗವೂ ಖಾಲಿಯೇ, 35 ವರ್ಷ ದುಡಿದು ನಿವೃತ್ತಿಯಾದವರ ಜಾಗವೂ ಖಾಲಿಯೇ. ಎರಡನೆಯದು ಮಗಳಿಗೆ ಒಳ್ಳೆಯದು. ನಿಮ್ಮ ಹತ್ತಿರದ ಕೈಗಾ ಅಣು ವಿದ್ಯುತ್ ಸ್ಥಾವರವನ್ನೇ ನೋಡಿ. ಮೊದಲ ಎರಡು ಘಟಕಗಳು 2000ದಲ್ಲಿ ಶುರುವಾದವು. ಆಗ 25ನೇ ವಯಸ್ಸಿಗೆ ಸೇರಿದವರಿಗೆ 2035ಕ್ಕೆ 60 ತುಂಬುತ್ತದೆ. ಮಗಳು ಕೋರ್ಸ್ ಮುಗಿಸಿ ಕೈ ಪಳಗಿಸಿಕೊಳ್ಳುವ ಹೊತ್ತಿಗೆ ಅವರು ಒಬ್ಬೊಬ್ಬರಾಗಿ ಹೊರಬರುತ್ತಿರುತ್ತಾರೆ. ಪ್ರತಿ ಜಾಗಕ್ಕೂ ಕಾಯಂ ನೌಕರರನ್ನೇ ತೆಗೆದುಕೊಳ್ಳುತ್ತಾರೆ ಅನ್ನಲಾಗುವುದಿಲ್ಲ, ಗುತ್ತಿಗೆಗೆ ಕೊಡಬಹುದು. ಆದರೂ ಎಲೆಕ್ಟ್ರಿಷಿಯನ್, ಫಿಟ್ಟರ್ ಆಗಿರುವವರ ವಯಸ್ಸು ಕೇಳಿ. ನಿಮ್ಮ ಓಣಿಯಲ್ಲೇ ನಾಲ್ಕು ಜನ ಸಿಗುತ್ತಾರೆ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಬಿಟ್ಟವರನ್ನು ಯಾಕೆ ಬಿಟ್ಟಿರಿ ಅಂತ ಕೇಳಿದರೆ ಎಲ್ಲರೂ "ಮನೆ ಕಡೆ ತೊಂದರೆ" ಅನ್ನುತ್ತಾರೆ. ನಿಜ ಗೊತ್ತಾಗುವುದು ಹೇಗೆ?
— ಹೋಟೆಲ್ ನಡೆಸುವ ಓದುಗ, ಗೋಕರ್ಣ

ಬಿಡುವ ದಿನ ಕೇಳಬೇಡಿ. ಅವತ್ತು ಅವರಿಗೆ ಬಾಕಿ ಸಂಬಳ ಬರಬೇಕಿರುತ್ತದೆ, ನಿಜ ಹೇಳುವ ಧೈರ್ಯ ಬರುವುದಿಲ್ಲ. ಲೆಕ್ಕ ಚುಕ್ತಾ ಮಾಡಿ ಮೂರು ತಿಂಗಳು ಬಿಟ್ಟು ಫೋನ್ ಮಾಡಿ. "ಯಾಕೆ ಬಿಟ್ಟೆ?" ಅನ್ನಬೇಡಿ, "ಈಗ ಏನು ಮಾಡ್ತಿದ್ದೀಯಾ, ಹೇಗಿದ್ದೀಯಾ?" ಅನ್ನಿ. ಬೇರೆ ಹೋಟೆಲ್ಲಿನಲ್ಲಿ ಅದೇ ದೋಸೆ ಕಾವಲಿಯ ಮುಂದೆ ನಿಂತಿದ್ದೇನೆ ಅಂದರೆ ಒಂದು ಅರ್ಥ. ದೋಸೆ ಬಿಟ್ಟು ಟೆಂಪೋ ಓಡಿಸುತ್ತಿದ್ದೇನೆ ಅಂದರೆ ಇನ್ನೊಂದು ಅರ್ಥ. ಮೊದಲನೆಯವನಿಗೆ ಅಲ್ಲಿ ಎಷ್ಟು ಸಂಬಳ, ವಾರಕ್ಕೆ ರಜೆ ಇದೆಯಾ ಕೇಳಿ. ಎರಡನೆಯವನನ್ನು ಕಾವಲಿಯ ಬಿಸಿಗೆ ಕೈ, ಕಣ್ಣು ಹೇಗಾಗಿತ್ತು ಅಂತ ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಒಂದು ವರ್ಷದ ಮೇಲೆ ಆ ಪುಟಗಳನ್ನು ನನಗೆ ಕಳಿಸಿ, ಕೂತು ಒಟ್ಟಿಗೇ ಓದೋಣ.